ಧಾರವಾಡದ ಕಾಲೇಜು ಹುಡುಗ್ರ ನಡುವೆ ಸತ್ಯವೇದ ಅಧ್ಯಯನ ಗುಂಪು: ಹೆಂಗ ಶುರು ಮಾಡೂದು, ಎಲ್ಲಿ ಕೈಕೊಡ್ತದ?

ಕೆಲಗೇರಿ_ದಂಡಿ
ಎಲ್ಲಾರಿಗೂ ವಂದನೆಗಳು. ಕರ್ನಾಟಕ ವಿಶ್ವವಿದ್ಯಾಲಯದ ಐದಾರು ಎಂ.ಎ., ಎಂ.ಎಸ್ಸಿ. ಹುಡುಗ್ರು ವಾರಕ್ಕೊಮ್ಮೆ ಕೂತು ಸತ್ಯವೇದ (ಬೈಬಲ್) ಓದಬೇಕು ಅಂತ ಕೇಳ್ಯಾರ. ನಮ್ಮ ಚರ್ಚಿನ ಸಭೆಯ ಹಿರಿಯರ ವಿಚಾರ ಬ್ಯಾರೆ: ಹಾಲ್ ಹಿಡೀರಿ, ಬ್ಯಾಂಡ್ ಕರಸ್ರಿ, ಬೆಂಗಳೂರಿಂದ ಒಬ್ಬ ಪ್ರಸಂಗಿ ಬರ್ಲಿ, ಇನ್ನೂರು ಹುಡುಗ್ರು ಕೂಡ್ತಾರ ಅಂತಾರ. ಹುಡುಗ್ರಿಗೆ ಎಂಟು ಮಂದಿ ಸಾಕು. ಯಾವುದು ನಿಲ್ತದ? ಜಾಗಾ, ವ್ಯಾಳ್ಯಾ, ಪಾಠ, ರೊಕ್ಕ, ಕಾನೂನು, ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಹಳೇ_ಕಾರ್ಯದರ್ಶಿ
ಹುಡುಗ್ರ ಮಾತು ಕೇಳ್ರಿ. ಹಾಲ್ ತುಂಬ್ತದ, ಅದರಾಗ ಸಂಶಯ ಇಲ್ಲ. ಆದರ ತುಂಬೂದು ಹುಬ್ಬಳ್ಳಿ-ಧಾರವಾಡದ ಹತ್ತು ಸಭೆಗಳ ಯುವಜನ ಕೂಟದವರಿಂದ. ಅವರು ಹೆಂಗೂ ಐತವಾರ ಗುಡಿಗೆ (ಚರ್ಚಿಗೆ) ಬರೂ ಹುಡುಗ್ರು. ಪಾವಟೆನಗರದ ಹಾಸ್ಟೆಲಿನಾಗ ಒಬ್ಬನ ಕೂತ ಗದಗಿನ ಹುಡುಗ ಆ ಇನ್ನೂರರಾಗ ಎಲ್ಲಿ ಕೂತಿದ್ದ ಅನ್ನೂದು ಮರುದಿನ ಯಾರಿಗೂ ಗೊತ್ತಿರಂಗಿಲ್ಲ. ಖರ್ಚು ಹಾಲಿಗೆ, ಧ್ವನಿವರ್ಧಕಕ್ಕೆ, ಊಟಕ್ಕೆ ಹೋಗಿರ್ತದ. ಮುಂದಿನ ವಾರ ಎಲ್ಲಿ ಕೂಡೂದು ಅನ್ನೂದಕ್ಕ ಉತ್ತರ ಇರಂಗಿಲ್ಲ.

ವಿದ್ಯಾರ್ಥಿ ಸೇವೆಯ ಹಳೇ ಸಂಘಟನೆಗಳನ್ನ ನೋಡ್ರಿ. ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ 1895ರದು, ಭಾರತದ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರದು, ಕ್ಯಾಥೋಲಿಕ ವಿದ್ಯಾರ್ಥಿಗಳ ಒಕ್ಕೂಟ ಐಕಫ್ 1924ರದು, ಇವ್ಯಾಂಜೆಲಿಕಲ್ ವಿದ್ಯಾರ್ಥಿಗಳ ಒಕ್ಕೂಟ ಯುಇಎಸ್‌ಐ 1954ರದು. ಇವುಗಳ ದೇವಶಾಸ್ತ್ರ ಒಂದಕ್ಕೊಂದು ಹೊಂದಂಗಿಲ್ಲ. ಒಬ್ಬರು ಸಾಮಾಜಿಕ ನ್ಯಾಯ ಮೊದಲು ಅಂತಾರ, ಒಬ್ಬರು ವೈಯಕ್ತಿಕ ನಂಬಿಕೆ ಮೊದಲು ಅಂತಾರ. ಆದರ ಒಂದು ಮಾತಿನಾಗ ಎಲ್ಲಾರೂ ಕೂಡ್ತಾರ: ಕಾಲೇಜಿನ ಗುಂಪನ್ನ ನಡಸೂದು ಆ ಕಾಲೇಜಿನ ವಿದ್ಯಾರ್ಥಿಗಳು. ಪದವಿ ಮುಗಿಸಿದವರು ಹಿಂದ ನಿಂತು ಮನಿ ಬಾಗಲಾ ತೆರೀತಾರ, ರೊಕ್ಕದ ಲೆಕ್ಕಾ ನೋಡ್ತಾರ, ಕೇಳಿದಾಗ ಸಲಹೆ ಕೊಡ್ತಾರ. ಮುಂದ ನಿಂತು ಪಾಠ ಹೇಳಂಗಿಲ್ಲ. ಹಿರಿಯರು ಬಂದು ಪ್ರಸಂಗ ಶುರು ಮಾಡಿದ ದಿನದಿಂದ ಹುಡುಗ್ರು ಕೇಳೂ ಮಂದಿ ಆಗ್ತಾರ. ಆ ಹಿರಿಯರಿಗೆ ಬದ್ಲಿ ಆತು ಅಂದ್ರ ಗುಂಪೂ ಮುಗೀತು.

ಪ್ರಸಂಗಿಯನ್ನ ಕರಸ್ಬೇಕು ಅಂತ ಸಭೆಯವರು ಹಟಾ ಹಿಡಿದ್ರ, ಫೆಬ್ರವರಿ ಮೂರನೇ ಐತವಾರ ಇಟ್ಟುಕೊಳ್ರಿ. ಅವತ್ತು ವಿದ್ಯಾರ್ಥಿಗಳ ಸಲುವಾಗಿ ಸಾರ್ವತ್ರಿಕ ಪ್ರಾರ್ಥನಾ ದಿನ. ಗುಡಿಯೊಳಗೇ ಆಗ್ತದ, ಹಾಲಿನ ಬಾಡಿಗಿ ಉಳೀತದ.

ಎರಡು_ಸೆಮ್
ಮ್ಯಾಲಿನವರ ಮಾತಿಗೆ ಒಂದು ಲೆಕ್ಕಾ ಕೂಡಸ್ತೀನಿ. ಎಂ.ಎ. ಅಂದ್ರ ನಾಲ್ಕು ಸೆಮಿಸ್ಟರ್. ಮೊದಲನೇದರಾಗ ಹುಡುಗ್ರಿಗೆ ಊರು, ಮೆಸ್ಸು, ಇಲಾಖೆ ತಿಳಿಯೂದ್ರಾಗ ಡಿಸೆಂಬರ್ ಬರ್ತದ. ನಾಲ್ಕನೇದರಾಗ ಪ್ರಾಜೆಕ್ಟು, ನೆಟ್, ಕೆ-ಸೆಟ್, ಬಿ.ಇಡಿ. ಅರ್ಜಿ. ಗುಂಪು ನಡಸಾಕ ಸಿಗೂದು ಎರಡನೇ ಮತ್ತು ಮೂರನೇ ಸೆಮಿಸ್ಟರ್ ಮಾತ್ರ. ಹಂಗಾಗಿ ಹೊಸ ಮುಂದಾಳುಗಳನ್ನ ಜನವರಿಯಾಗ ಆರಿಸಬೇಕು, ಜೂನ್‌ನಾಗ ಅಲ್ಲ. ಜನವರಿಯಿಂದ ಮಾರ್ಚ್‌ತನಕ ಹಳಬ ಮತ್ತು ಹೊಸಬ ಜೋಡಿಯಾಗಿ ನಡಸ್ಲಿ. ಮೊದಲು ಹಳಬ ನಡಸ್ತಾನ, ಹೊಸಬ ನೋಡ್ತಾನ. ಆಮ್ಯಾಲೆ ಅದಲು ಬದಲು. ಏಪ್ರಿಲ್‌ನಿಂದ ಹಳಬ ಬರೇ ಬಂದು ಕೂಡ್ತಾನ.

ಬಿ.ಎ., ಬಿ.ಎಸ್ಸಿ. ಹುಡುಗ್ರಿಗೆ ಮೂರು ವರ್ಷ ಇರೂದ್ರಿಂದ ಇಷ್ಟು ಅವಸರ ಇಲ್ಲ. ಕರ್ನಾಟಕ ಕಾಲೇಜು, ಕಿಟೆಲ್ ಕಾಲೇಜಿನ ಎರಡನೇ ವರ್ಷದವರು ಮುಂದಾಳು ಆಗಾಕ ಛಲೋ. ಪಿಯುಸಿ ಹುಡುಗ್ರನ್ನ ಮಾತ್ರ ಇದರಾಗ ಬೆರಸಬ್ಯಾಡ್ರಿ. 18 ತುಂಬಿರಂಗಿಲ್ಲ. ಅವರ ಕೂಟ ಸಭೆಯವರು ತಂದಿ-ತಾಯಿಗೆ ತಿಳಿಸಿ ಬ್ಯಾರೆ ನಡಸ್ಲಿ. ಪದವಿಯ ಮೊದಲ ವರ್ಷದಾಗೂ 17ರವರು ಇರ್ತಾರ, ಕೇಳಿ ಖಾತ್ರಿ ಮಾಡಿಕೊಳ್ರಿ.

ದಿನ ಯಾವುದು? ಬುಧವಾರ ಇಲ್ಲಾ ಗುರುವಾರ. ಶನಿವಾರ ಮಧ್ಯಾಹ್ನ ಹಾವೇರಿ, ಗದಗ, ರೋಣದ ಹುಡುಗ್ರು ಊರ ಬಸ್ ಹತ್ತತಾರ, ಸೋಮವಾರ ಮುಂಜಾನೆ ಬುತ್ತಿ ಗಂಟಿನ ಜೋಡಿ ಇಳೀತಾರ. ಐತವಾರ ಇಟ್ರ ಧಾರವಾಡದ ಮನಿ ಮಕ್ಕಳಷ್ಟ ಬರ್ತಾರ. ಸಂಜೀ 5ಕ್ಕೆ ಶುರು, 6ಕ್ಕೆ ಮುಗೀಬೇಕು. ಹುಡುಗ್ಯಾರ ಹಾಸ್ಟೆಲ್ ಬಾಗಲಾ ಹಾಕೂ ವ್ಯಾಳ್ಯಾ ಮೊದಲ ಕೇಳಿ, ಅದಕ್ಕಿಂತ ಒಂದು ತಾಸು ಮುಂಚೆ ಅವರು ಹೊಂಡಂಗ ಇರ್ಲಿ. ಪ್ರಾರ್ಥನೆ ಲಂಬಿಸಿ ಒಂದು ಸಲ ಗೇಟಿನಾಗ ಬೈಸಿಕೊಂಡ ಹುಡುಗಿ ಮತ್ತ ಬರಂಗಿಲ್ಲ. ಹುಬ್ಬಳ್ಳಿಯಿಂದ ಬರೂವರು ಚಿಗರಿ ಬಸ್ಸಿಗೆ ಬರ್ತಾರ ಅಂದ್ರ ಚಿಗರಿ ನಿಲ್ದಾಣದಿಂದ ನಡಕೊಂಡು ಹೋಗೂವಷ್ಟು ಹತ್ತರ ಜಾಗಾ ನೋಡ್ರಿ. ಆಟೋ ಹಿಡೀಬೇಕಾದ್ರ ತಿಂಗಳ ಕಡೀಗೆ ಬರೂದು ನಿಲ್ತದ.

ಆಂತರಿಕ ಪರೀಕ್ಷೆ ವಾರದಾಗ ಅಧ್ಯಯನ ಬ್ಯಾಡ, ಹದಿನೈದು ನಿಮಿಷ ಪ್ರಾರ್ಥನೆ ಸಾಕು. ಸೆಮಿಸ್ಟರ್ ಪರೀಕ್ಷೆಗೆ ಮೂರು ವಾರ ಮೊದಲ ಪೂರ್ತಿ ನಿಲ್ಲಸ್ರಿ. ಒಂದು ಸೆಮಿಸ್ಟರಿಗೆ ಎಂಟು ಪಾಠಕ್ಕಿಂತ ಹೆಚ್ಚು ಹಿಡಸಂಗಿಲ್ಲ, ಇದನ್ನ ಮೊದಲ ಒಪ್ಪಿಕೊಂಡ್ಬಿಡ್ರಿ.

ಮಾಳಿಗಿ_ಮನಿ
ಪಾಠದ ಬಗ್ಗೆ ನಾನು ಬರೀತೀನಿ. ಎಂಟು ಪಾಠ ಅಂದ್ರಲ್ಲಾ, ಮಾರ್ಕನ ಸುವಾರ್ತೆ ತಗೋರಿ. ಹದಿನಾರು ಅಧ್ಯಾಯ, ನಾಲ್ಕು ಸುವಾರ್ತೆಯಾಗ ಸಣ್ಣದು, ಕಥಿ ಓಡ್ತದ. 2:1–12, 4:35–41, 5:21–43, 7:24–30, 8:27–38, 10:17–31, 14:32–42, ಕಡೀಗೆ 15:33ರಿಂದ 16:8. ಹೊಸದಾಗಿ ಓದೂವರಿಗೆ ರೋಮಾಪುರದ ಪತ್ರಿಕೆಯಿಂದ ಶುರು ಮಾಡಿದ್ರ ಎರಡನೇ ವಾರ ಅರ್ಧ ಮಂದಿ ಇರಂಗಿಲ್ಲ. ಸತ್ಯವೇದದ ಕಡೀ ಪುಸ್ತಕ ಪ್ರಕಟನೆಯಿಂದ ಶುರು ಮಾಡಿದ್ರ ಎಲ್ಲಾರೂ ಇರ್ತಾರ, ಆದರ ಮಾತು ಯುದ್ಧ, ಬಾರ್‌ಕೋಡ್, 666 ಅಂತ ಎಲ್ಲೆಲ್ಲೋ ಹೋಗ್ತದ.

ಪುಸ್ತಕ ಹಂಚೂ ಬದಲಿ ಆ ವಾರದ ಭಾಗವನ್ನ ಒಂದು ಎ4 ಹಾಳಿ ಮ್ಯಾಲೆ ಅಚ್ಚು ಹಾಕಸ್ರಿ. ಸಾಲುಗಳ ನಡುವೆ ಜೋಡಿ ಅಂತರ, ಬಲಕ್ಕ ಎರಡು ಇಂಚು ಖಾಲಿ ಅಂಚು, ಮ್ಯಾಲಿನ ಉಪಶೀರ್ಷಿಕೆ ತೆಗೀರಿ. ಉಪಶೀರ್ಷಿಕೆ ಇದ್ರ ಹುಡುಗ್ರು ಅದನ್ನ ಓದಿ ಉತ್ತರ ಹೇಳ್ತಾರ, ಕೆಳಗಿಂದು ಓದಂಗಿಲ್ಲ. ನುಡಿ ಅಕ್ಷರದಾಗ ಟೈಪ್ ಮಾಡಿ ವರ್ಡ್ ಫೈಲ್ ಝೆರಾಕ್ಸ್ ಅಂಗಡಿಗೆ ಕಳಿಸಿದ್ರ ಅಲ್ಲಿ ಒತ್ತಕ್ಷರ ಎಲ್ಲಾ ಚಿಂದಿ ಆಗ್ತಾವ. ಯೂನಿಕೋಡ್‌ನಾಗ ಬರೆದು ಪಿಡಿಎಫ್ ಮಾಡಿ ಕಳಸ್ರಿ.

ಅರವತ್ತು ನಿಮಿಷ ಹಿಂಗ ಹಂಚ್ರಿ: ಹತ್ತು ನಿಮಿಷ ಬಂದು ಕೂಡಾಕ, ಐದು ನಿಮಿಷ ಎರಡು ಸಲ ಓದಾಕ (ಮೊದಲ ಒಬ್ಬರು ಜೋರಾಗಿ, ಆಮ್ಯಾಲೆ ಎಲ್ಲಾರೂ ಮನಸಿನಾಗ, ಪೆನ್ನು ಹಿಡಿದು), ಮೂವತ್ತೈದು ಮಾತಿಗೆ, ಹತ್ತು ಪ್ರಾರ್ಥನೆಗೆ. ಮೂವತ್ತೈದರಾಗ ಹದಿನೈದಾದ್ರೂ 'ಇಲ್ಲಿ ಏನು ಬರದದ' ಅನ್ನೂದಕ್ಕ ಹೋಗಬೇಕು. ಎಲ್ಲಾ ಗುಂಪು ಕೆಡೂದು ಇಲ್ಲೇ. ಓದಿದ ಕೂಡ್ಲೆ 'ಇದು ನಿಮ್ಮ ಜೀವನಕ್ಕ ಏನು ಹೇಳ್ತದ' ಅಂತ ಕೇಳ್ತಾರ. ಆಗ ಬರೂ ಉತ್ತರ ಗುಡಿಯಾಗ ಕೇಳಿ ಬಾಯಿಪಾಠ ಆದದ್ದು: 'ನಂಬಿಕಿ ಇಡಬೇಕ್ರಿ'.

ಮಾರ್ಕ 2:1–12 ತಗೊಂಡು ತೋರಸ್ತೀನಿ, ನಡೀಲಾರದ ಒಬ್ಬನನ್ನ ಹೊತ್ತು ತಂದು, ಮಾಳಿಗಿ ಅಗದು ಯೇಸುವಿನ ಮುಂದ ಇಳಿಸಿದ ಕಥಿ. ಮೊದಲ ಕಣ್ಣಿಗೆ ಕಾಣೂ ಪ್ರಶ್ನೆ: ಎಷ್ಟು ಮಂದಿ ಹೊತ್ಕೊಂಡು ಬಂದ್ರು? ಬಾಗಲದಿಂದ ಯಾಕ ಹೋಗಲಿಲ್ಲ? ಮಾಳಿಗಿ ಮ್ಯಾಲೆ ಏನು ಮಾಡಿದ್ರು? ನವಲಗುಂದ, ರೋಣ, ನರಗುಂದ ಕಡೆ ಹುಡುಗ್ರಿಗೆ ಮಣ್ಣಿನ ಮಾಳಿಗಿ ಮನಿ ಗೊತ್ತು. ಅವರನ್ನೇ ಕೇಳ್ರಿ: ತಲೀ ಮ್ಯಾಲೆ ಮಾಳಿಗಿ ಅಗದ್ರ ಒಳಗ ಏನು ಬೀಳ್ತದ, ಮನಿ ಮಾಲಕ ಏನಂತಾನ, ಮಳಿಗಾಲಕ್ಕ ಮೊದಲ ಅದನ್ನ ಮುಚ್ಚಾಕ ಎಷ್ಟು ಕೆಲಸ? ಇಂಥ ಪ್ರಶ್ನೆಗೆ ಸುಮ್ಮನೆ ಕೂತ ಹುಡುಗನೂ ಬಾಯಿ ಬಿಡ್ತಾನ. ಆಮ್ಯಾಲೆ ಐದನೇ ವಚನ: ಯೇಸು ನೋಡಿದ್ದು ಯಾರ ನಂಬಿಕಿ? ಮಲಗಿದವಂದೋ, 'ಅವರ' ನಂಬಿಕಿಯೋ? ಅವನು ನಡೀಲಿ ಅಂತ ಹೊತ್ತು ತಂದ್ರ, ಯೇಸು ಮೊದಲ ಪಾಪಕ್ಷಮೆಯ ಮಾತು ಯಾಕ ಆಡಿದ? ಶಾಸ್ತ್ರಿಗಳ ಆಕ್ಷೇಪದಾಗ ತಪ್ಪೇನದ, ಸರಿ ಏನದ? (ದೇವರೊಬ್ಬನೇ ಪಾಪ ಕ್ಷಮಿಸಬಲ್ಲ ಅನ್ನೂ ಅವರ ಮಾತು ಸರಿಯೇ. ಅಲ್ಲೇ ಅಧ್ಯಾಯದ ಗಂಟು ಇರೂದು.) ಕಡೀ ಪ್ರಶ್ನೆ ಒಂದ ಇರ್ಲಿ, ಅದೂ ಬಿಚ್ಚಿ ಕೇಳೂವಂಥದ್ದು. ಮುಂದಾಳು ಪ್ರಶ್ನೆ ಕೇಳಿ ಮನಸಿನಾಗ ಹತ್ತು ಎಣಿಸಬೇಕು. ಯಾರೂ ಮಾತಾಡಲಿಲ್ಲ ಅಂತ ತಾನ ಉತ್ತರ ಹೇಳಿಬಿಟ್ರ ಮುಂದಿನ ವಾರ ಎಲ್ಲಾರೂ ಅದಕ್ಕ ಕಾಯ್ತಾರ.

ಎಂಟು ಮಂದಿ ತನಕ ಒಂದು ಗುಂಪು. ಹತ್ತು ದಾಟಿದ್ರ ಒಡೀರಿ. ಹತ್ತನೇ ಮನಿಶ್ಯಾ ಬಂದ ಮ್ಯಾಲೆ ಮಾತಾಡೂವರು ನಾಲ್ಕ ಮಂದಿ ಉಳೀತಾರ.

ಸಪ್ತಾಪುರ_ರೀಡಿಂಗ್_ರೂಮ್
ಸರ್ರ, ನೀವೆಲ್ಲಾ ಸೆಮಿಸ್ಟರ್ ಹಿಡಕೊಂಡು ಮಾತಾಡಾಕತ್ತೀರಿ. ಸಪ್ತಾಪುರದಾಗ ಇರೂ ಹುಡುಗ್ರು ಯಾವ ಕಾಲೇಜಿನಾಗೂ ಇಲ್ಲ. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿ ಅಂತ ಓದಕೋತ ಕೂತಾರ, 22ರಿಂದ 30ರ ವಯಸ್ಸು. ಮುಂಜಾನೆ ಆರಕ್ಕ ರೀಡಿಂಗ್ ರೂಮ್, ರಾತ್ರಿ ಹತ್ತಕ್ಕ ಖೋಲಿ. ಇವರ ಸಲುವಾಗಿ ಏನು?

ಹಳೇ_ಕಾರ್ಯದರ್ಶಿ
ಬರೋಬ್ಬರಿ ಕೇಳಿದ್ರಿ. ಅವರಿಗೆ ಬುಧವಾರ ಸಂಜೀ ಐದು ಆಗಂಗಿಲ್ಲ. ಐತವಾರ ರಾತ್ರಿ ಏಳೂವರಿಯಿಂದ ಎಂಟೂಕಾಲು, ಖಾನಾವಳಿಗೆ ಹೋಗೂಕಿಂತ ಮೊದಲ. ನಲವತ್ತೈದು ನಿಮಿಷ, ಒಂದು ನಿಮಿಷ ಹೆಚ್ಚಿಲ್ಲ. ನೇಮಕಾತಿ ಅಧಿಸೂಚನೆ ಬಂತು ಅಂದ್ರ ಮೂರು ತಿಂಗಳು ಗುಂಪು ತೆಳ್ಳಗಾಗ್ತದ. ಅದನ್ನ 'ನಂಬಿಕಿ ಕಡಿಮಿ ಆತು' ಅಂತ ಓದಬ್ಯಾಡ್ರಿ.

ಅವರಿಗೆ ಮಾರ್ಕನಕ್ಕಿಂತ ಯೋಸೇಫನ ಕಥಿ ಹೊಂದ್ತದ, ಆದಿಕಾಂಡ 37ರಿಂದ 50. ಅಣ್ಣತಮ್ಮರು ಮಾರಿದಾಗ ಹದಿನೇಳು (37:2), ಫರೋಹನ ಮುಂದ ನಿಂತಾಗ ಮೂವತ್ತು (41:46). ನಡುವಿನ ಹದಿಮೂರು ವರ್ಷ ಏನಾತು ಅನ್ನೂದ ಪಾಠ. 40:23ರಾಗ, ಸೆರೆಮನಿಯಾಗ ಯೋಸೇಫ ಕನಸಿನ ಅರ್ಥ ಹೇಳಿದ್ದ ಪಾನಸೇವಕ ಅವನನ್ನ ಮರತುಬಿಟ್ಟ, 41:1ರಾಗ 'ಎರಡು ವರ್ಷದ ಮ್ಯಾಲೆ' ಅಂತದ. ಆ ಎರಡು ವಚನದ ನಡುವೆ ಕೂತು ಮಾತಾಡ್ರಿ.

ಒಂದು ಕೆಟ್ಟ ಚಟಾ ಇಲ್ಲಿ ಬಿಡಬೇಕು. ಯೆರೆಮೀಯ 29:11 ಪ್ರತಿ ಖೋಲಿ ಗ್ವಾಡಿ ಮ್ಯಾಲೆ ಅಂಟಿಸಿರ್ತಾರ: ನಿಮಗೆ ಒಳ್ಳೇ ಭವಿಷ್ಯ ಕೊಡ್ತೀನಿ ಅನ್ನೂ ಮಾತು. ಹತ್ತನೇ ವಚನ ಯಾರೂ ಓದಂಗಿಲ್ಲ, ಅಲ್ಲಿ ಎಪ್ಪತ್ತು ವರ್ಷ ಅಂತದ. ಬಾಬೆಲಿಗೆ ಸೆರೆ ಹೋದವರಿಗೆ, ಅಲ್ಲೇ ಮನಿ ಕಟ್ಟಿ ತ್ವಾಟಾ ಮಾಡ್ರಿ ಅಂತ ಬರದ ಪತ್ರ ಅದು. ಅದನ್ನ ಪಿಎಸ್‌ಐ ಆಯ್ಕೆ ಪಟ್ಟಿಗೆ ಗ್ಯಾರಂಟಿ ಮಾಡಿದ್ರ, ಪಟ್ಟಿಯಾಗ ಹೆಸರು ಬರದ ದಿನ ಹುಡುಗ ಪರೀಕ್ಷಾ ಜೋಡಿ ದೇವರನ್ನೂ ಕಳಕೊಳ್ತಾನ.

ನರ್ಸಿಂಗ್_ಹಾಸ್ಟೆಲ್_ಹಿಂದ
ಮೇಲಿನದಕ್ಕೆ ಸೇರಿಸುತ್ತೇನೆ. ಫಲಿತಾಂಶದ ವಾರ ಮುಂದಾಳುಗಳು ಎಚ್ಚರ ಇರಬೇಕು. ನಿದ್ದೆ ಬಿಟ್ಟವರು, ಊಟ ಬಿಟ್ಟವರು, 'ನಾನಿದ್ದು ಏನು ಉಪಯೋಗ' ಅನ್ನುವವರು ಸಿಕ್ಕರೆ ಪ್ರಾರ್ಥನೆ ಮಾಡಿ ಕಳಿಸಿಬಿಡಬೇಡಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಜೊತೆಗೆ ಕರೆದುಕೊಂಡು ಹೋಗಿ. ಔಷಧ ತೆಗೆದುಕೊಳ್ಳುತ್ತಿರುವವರಿಗೆ 'ವಿಶ್ವಾಸ ಇದ್ದರೆ ಗುಳಿಗೆ ಬಿಡು' ಅನ್ನುವವರನ್ನು ಗುಂಪಿನ ಹತ್ತಿರ ಸೇರಿಸಬೇಡಿ.

ನರ್ಸಿಂಗ್ ಕಾಲೇಜುಗಳ ಲೆಕ್ಕ ಪೂರ್ತಿ ಬೇರೆ. ಪಾಳಿ ಬದಲಾಗುತ್ತಿರುತ್ತದೆ, ವಾರದ ಒಂದೇ ದಿನ ಹೊಂದುವುದಿಲ್ಲ. ತಿಂಗಳ ಪಾಳಿ ಪಟ್ಟಿ ಬಂದ ಮೇಲೆ ದಿನ ಗೊತ್ತುಮಾಡಿ. ಮಲಯಾಳಿ ಹುಡುಗಿಯರೂ ಇರುತ್ತಾರೆ. ಸಾಲು ಸಾಲಾಗಿ ಅನುವಾದ ಮಾಡಿಕೊಂಡು ಕೂತರೆ ಒಂದು ಗಂಟೆ ಎರಡಾಗುತ್ತದೆ, ಎರಡೂ ಕಡೆಯವರು ಆಕಳಿಸುತ್ತಾರೆ. ಅವರವರ ಭಾಷೆಯ ಬೈಬಲ್ ಕೈಯಲ್ಲಿರಲಿ, ಚರ್ಚೆ ಎರಡು ವೃತ್ತದಲ್ಲಿ ಬೇರೆ ಬೇರೆ ನಡೆಯಲಿ, ಕೊನೆಯ ಹತ್ತು ನಿಮಿಷ ಒಟ್ಟಿಗೆ ಸೇರಿ ಅವರವರ ಭಾಷೆಯಲ್ಲೇ ಪ್ರಾರ್ಥಿಸಲಿ.

ಹುಡುಗಿಯರ ಜೊತೆ ಒಬ್ಬೊಬ್ಬರಾಗಿ ಮಾತಾಡುವುದು ಹೆಂಗಸರೇ ಆಗಿರಬೇಕು, ಅದೂ ಬಾಗಿಲು ತೆರೆದ ಕೋಣೆಯಲ್ಲಿ ಅಥವಾ ನಾಲ್ಕು ಜನ ಓಡಾಡುವ ಕಡೆ. ಅಯ್ಯನವರಾದರೂ ಅಷ್ಟೇ, ಫಾದರ್ ಆದರೂ ಅಷ್ಟೇ. ರಾತ್ರಿ ಹತ್ತರ ಮೇಲೆ 'ಪ್ರಾರ್ಥನಾ ವಿಷಯ ಏನಿದೆ ತಂಗಿ' ಎಂದು ಸಂದೇಶ ಕಳಿಸುವ ಹಿರಿಯರನ್ನು ಮೊದಲ ಸಲವೇ ತಡೆಯಿರಿ.

ನಿವೃತ್ತ_ವಾರ್ಡನ್
ನಾನು ಕ್ರೈಸ್ತನಲ್ಲ. ಹಾಸ್ಟೆಲ್ ಆಡಳಿತದ ಕಡೆಯಿಂದ ಎರಡು ಮಾತು. ಖೋಲಿಯೊಳಗೆ ಕೂಟ ಬೇಡ, ಯಾವ ಧರ್ಮದ್ದಾದರೂ. ಖೋಲಿ ಸಣ್ಣದು, ಜೊತೆಗಿರುವ ಹುಡುಗನಿಗೆ ಎದ್ದು ಹೋಗಲು ಜಾಗ ಇರುವುದಿಲ್ಲ, ದೂರು ಬರುವುದೇ ಅವನಿಂದ. ಅದು ನ್ಯಾಯವಾದ ದೂರು. ಹೊರಗಿನವರು ಭೇಟಿ ವೇಳೆಯಲ್ಲಿ ರಿಜಿಸ್ಟರಿನಲ್ಲಿ ಹೆಸರು, ಕಾರಣ ಬರೆದು ಬರಬೇಕು. 'ಸಂಬಂಧಿಕರು' ಎಂದು ಸುಳ್ಳು ಬರೆಸಿ ಒಳಗೆ ಬರುವ ಪ್ರಚಾರಕರು ಆ ಹುಡುಗನನ್ನೇ ಸಿಕ್ಕಿಸುತ್ತಾರೆ.

ಸರಕಾರಿ ವಿಶ್ವವಿದ್ಯಾಲಯದ ತರಗತಿ ಕೋಣೆ, ಸಭಾಂಗಣ ಕೇಳಬೇಡಿ. ಪೂರ್ತಿ ಸರಕಾರಿ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಅರ್ಜಿ ಕೊಟ್ಟರೆ ಅಧಿಕಾರಿ ಇಕ್ಕಟ್ಟಿಗೆ ಬೀಳುತ್ತಾನೆ, ಅಷ್ಟೇ. ಆವರಣದ ಹೊರಗೆ ಹತ್ತು ನಿಮಿಷದ ದಾರಿಯಲ್ಲಿ ಒಂದು ಮನೆ ನೋಡಿ. ಮತ್ತು ನೆರೆಯವರಿಗೆ ಮೊದಲೇ ಹೇಳಿ: ಪ್ರತಿ ಬುಧವಾರ ಎಂಟು ಹುಡುಗರು ಬರುತ್ತಾರೆ, ಒಂದು ಗಂಟೆ ಓದುತ್ತಾರೆ, ಮೈಕು ಇಲ್ಲ. ಹೇಳದೆ ಚಪ್ಪಲಿ ರಾಶಿ ಬಿದ್ದರೆ ಓಣಿಯಲ್ಲಿ ಕಥೆ ಬೆಳೆಯುತ್ತದೆ.

ನವನಗರ_ವಕೀಲೆ
ವಾರ್ಡನ್ ಸರ್ ಹೇಳಿದ್ದು ಸರಿ. ಕಾನೂನಿನ ಭಾಗ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ಹುಂಬತನವೂ ಅತಿ ಭಯವೂ ಎರಡೂ ಇವೆ.

25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. 1977ರ ಸ್ಟೇನಿಸ್ಲಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಕರ್ನಾಟಕದಲ್ಲಿ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆ ಇವುಗಳಿಂದಾದ ಮತಾಂತರಕ್ಕೆ ಮೂರರಿಂದ ಐದು ವರ್ಷ ಶಿಕ್ಷೆ, 25,000 ರೂಪಾಯಿ ದಂಡ. ಮತಾಂತರಗೊಂಡವರು ಅಪ್ರಾಪ್ತರು, ಮಹಿಳೆ ಅಥವಾ ಪರಿಶಿಷ್ಟ ಜಾತಿ-ಪಂಗಡದವರಾದರೆ ಹತ್ತು ವರ್ಷದವರೆಗೆ. ಉಡುಗೊರೆ, ಹಣ, ಉಚಿತ ಶಿಕ್ಷಣ ಆಮಿಷದೊಳಗೆ ಬರುತ್ತವೆ. ಒಂದು ಧರ್ಮವನ್ನು ಹೀಗಳೆದು ಇನ್ನೊಂದನ್ನು ಹೊಗಳುವುದೂ ಅದೇ ವ್ಯಾಖ್ಯೆಯಲ್ಲಿದೆ. ಸ್ವಇಚ್ಛೆಯಿಂದ ಮತಾಂತರವಾಗುವವರೂ 30 ದಿನ ಮೊದಲು ಜಿಲ್ಲಾಡಳಿತಕ್ಕೆ ಘೋಷಣೆ ಕೊಡಬೇಕು. ದೂರು ಕೊಡಲು ರಕ್ತಸಂಬಂಧಿಯೇ ಆಗಬೇಕಿಲ್ಲ, ಸಹೋದ್ಯೋಗಿಯೂ ಕೊಡಬಹುದು. ಜೂನ್ 2023ರಲ್ಲಿ ರಾಜ್ಯ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಸಂಪುಟದ ತೀರ್ಮಾನ ಒಂದರಿಂದಲೇ ಕಾಯ್ದೆ ಪುಸ್ತಕದಿಂದ ಹೋಗುವುದಿಲ್ಲ, ಶಾಸನಸಭೆಯಲ್ಲಿ ಮಸೂದೆ ಆಗಬೇಕು. 'ರದ್ದಾಗಿದೆಯಂತೆ' ಎಂಬ ವಾಟ್ಸಾಪ್ ಮಾತು ನಂಬಿ ಕೂರಬೇಡಿ.

ಹಾಗಾದರೆ ಏನು ಮಾಡಬಹುದು? ಕ್ರೈಸ್ತ ವಿದ್ಯಾರ್ಥಿಗಳು ಕೂತು ಸತ್ಯವೇದ ಓದುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬೇರೆ ಧರ್ಮದ ಗೆಳೆಯ ಕುತೂಹಲದಿಂದ ಬಂದರೆ ಬರಲಿ. ಏನು ಓದುತ್ತೀರಿ ಎಂದು ಮೊದಲೇ ಹೇಳಿರಬೇಕು. 'ವ್ಯಕ್ತಿತ್ವ ವಿಕಸನ ಶಿಬಿರ', 'ಇಂಗ್ಲಿಷ್ ಮಾತನಾಡುವ ತರಬೇತಿ' ಎಂದು ಕರೆದು ಒಳಗೆ ಪ್ರಸಂಗ ಮಾಡುವುದು ಮೊದಲು ಸುಳ್ಳು, ಆಮೇಲೆ ಅಪರಾಧದ ಗಡಿ. ಯಾರಿಗೂ ಫೀ ಕಟ್ಟಿಕೊಡುವುದು, ಲ್ಯಾಪ್‌ಟಾಪ್ ಕೊಡಿಸುವುದು ಗುಂಪಿನ ಹೆಸರಿನಲ್ಲಿ ಬೇಡವೇ ಬೇಡ. ಪ್ರಾರ್ಥನೆಯ ಫೋಟೋ ಫೇಸ್‌ಬುಕ್ಕಿಗೆ ಹಾಕಬೇಡಿ. ತೊಂದರೆಗೆ ಅರ್ಧ ಬೀಜ ಆ ಫೋಟೋ.

ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಮಾತು ಬಂದರೆ ವಿದ್ಯಾರ್ಥಿ ಗುಂಪು ಅದಕ್ಕೆ ಕೈ ಹಾಕಬಾರದು, ಅದು ಸಭೆಯ ಕೆಲಸ. ಇನ್ನೊಂದು ವಿಷಯ ಬೋಧಕರು ನುಂಗಿಬಿಡುತ್ತಾರೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ. ಕ್ರೈಸ್ತನಾದ ವಿದ್ಯಾರ್ಥಿ ಆ ಸ್ಥಾನ ಕಳೆದುಕೊಳ್ಳುತ್ತಾನೆ. ಕರ್ನಾಟಕದಲ್ಲಿ ಅಂಥವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಬರುತ್ತಾರೆ. ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ನೇಮಕಾತಿ ಎಲ್ಲಕ್ಕೂ ಪರಿಣಾಮ ಇದೆ. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತು ಇಲ್ಲ. ಇದನ್ನು ಮುಚ್ಚಿಟ್ಟು ಹತ್ತೊಂಬತ್ತರ ಹುಡುಗನಿಂದ ನಿರ್ಧಾರ ತೆಗೆಸುವುದು ಸುವಾರ್ತೆಯಲ್ಲ.

ಬೆಟಗೇರಿ_ಖಜಾಂಚಿ
ರೊಕ್ಕದ ಮಾತು ಉಳೀತು. ವಾರದ ಗುಂಪಿಗೆ ಖರ್ಚು ಅಂದ್ರ ಹಾಳಿ ಮತ್ತು ಚಾ. ಹುಡುಗ್ರು ಹತ್ತ್ಹತ್ತು ರೂಪಾಯಿ ಹಾಕಿದ್ರ ಮುಗೀತು, ಚುರಮರಿ-ಮಿರ್ಚಿನೂ ಆಗ್ತದ. ಸಭೆಯಿಂದ ಇಸಕೋಬ್ಯಾಡ್ರಿ. ಇಸಕೊಂಡ್ರ ವರದಿ ಕೇಳ್ತಾರ, ವರದಿಗೆ ಅಂಕಿ ಬೇಕಾಗ್ತದ, ಅಂಕಿ ಸಲುವಾಗಿ ಮಂದಿ ಕೂಡಸೂದು ಶುರು ಆಗ್ತದ. ವರ್ಷಕ್ಕೊಮ್ಮೆ ಎರಡು ದಿನದ ಶಿಬಿರ ಇದ್ರ ಊಟ-ವಸತಿಯ ಅರ್ಧ ವಿದ್ಯಾರ್ಥಿಗಳೇ ಕೊಡ್ಲಿ, ಅರ್ಧ ಪದವೀಧರರು. ಒಂದು ವಹಿ, ಎರಡು ಸಹಿ. ಯಾರದೋ ಫೋನ್‌ಪೇಗೆ ಕೂಡಿಸಿದ್ರ ತಿಂಗಳ ಕಡೀಗೆ ಸ್ಕ್ರೀನ್‌ಶಾಟ್ ಜೋಡಿ ವಹಿಯಾಗ ಏರಿಸ್ರಿ.

ಅಮೇರಿಕಾದಾಗಿನ ಗೆಳೆಯಾ ನೂರು ಡಾಲರ್ ಕಳಸ್ತಾನಂತ ಶಿಬಿರಕ್ಕ ಅಂದ್ರ ಬ್ಯಾಡ ಅನ್ರಿ. 2010ರ ವಿದೇಶಿ ವಂತಿಗೆ ಕಾಯ್ದೆಯಂತೆ ನೋಂದಣಿ ಇಲ್ಲಾ ಪೂರ್ವಾನುಮತಿ ಇಲ್ಲದ ಗುಂಪು ಅದನ್ನ ಮುಟ್ಟಂಗಿಲ್ಲ. 2020ರ ತಿದ್ದುಪಡಿ ಆದ ಮ್ಯಾಲೆ ನೋಂದಣಿ ಇದ್ದವರಿಗೂ ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಾಗ ಬರಬೇಕು. ವಿದ್ಯಾರ್ಥಿಯ ಸ್ವಂತ ಖಾತೆಗೆ ಹಾಕಿಸಿಕೊಳ್ಳೂದಂತೂ ಆ ಹುಡುಗನ ಕುತ್ತಿಗಿಗೆ ಬರ್ತದ.

ಗದಗ-ಬೆಟಗೇರಿ, ಹಾವೇರಿಯಾಗ ಗುಂಪು ಮಾಡೂವರಿಗೆ ಒಂದು ಮಾತು. ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಾಗ, ಹುಬ್ಬಳ್ಳಿಗೆ 1839ರಾಗ, ಬೆಟಗೇರಿಗೆ 1841ರಾಗ ಬಂದದ್ದು. ಹಳೇ ಸಭೆಗಳು, ಹಳೇ ಮನೆತನಗಳು ಅದಾವ. ಆದರ ಪದವಿ ಹುಡುಗ್ರು ಮನಿಯಿಂದ ಬಸ್ ಪಾಸಿನ ಮ್ಯಾಲೆ ಓಡಾಡ್ತಾರ, ಸಂಜೀ ನಿಲ್ಲಂಗಿಲ್ಲ. ಅಲ್ಲಿ ಮಧ್ಯಾಹ್ನ ಊಟದ ಬಿಡುವಿನ ಅರ್ಧ ತಾಸು ಹಿಡೀಬೇಕು, ಪಾಠ ಹತ್ತು ವಚನ ದಾಟಬಾರದು.

ಕೆಲಗೇರಿ_ದಂಡಿ
ಎಲ್ಲಾರಿಗೂ ಉಪಕಾರ ಆತು. ಇನ್ನೊಂದ: ಹುಡುಗ್ರಾಗ ಇಬ್ಬರು ಕ್ಯಾಥೋಲಿಕರು, ಮೂವರು ಸಿಎಸ್‌ಐ (ದಕ್ಷಿಣ ಭಾರತ ಸಭೆ), ಒಬ್ಬ ಪೆಂಟೆಕೋಸ್ಟಲ್. ಜಗಳಾ ಬರಂಗಿಲ್ಲೇನು?

ಮಾಳಿಗಿ_ಮನಿ
ಬರ್ತದ. ಮೂರನೇ ವಾರ ಬರ್ತದ, ದೀಕ್ಷಾಸ್ನಾನ ಇಲ್ಲಾ ಅನ್ಯಭಾಷೆ (ಆತ್ಮ ತುಂಬಿ ತಿಳಿಯದ ಭಾಷೆಯಾಗ ಪ್ರಾರ್ಥಿಸೂದು) ಸಲುವಾಗಿ. ಶುರುವಿಗೇ ನಿಯಮ ಹೇಳಿಬಿಡ್ರಿ: ಇವತ್ತಿನ ಹಾಳಿ ಮ್ಯಾಲೆ ಇದ್ದದ್ದಷ್ಟ ಮಾತಾಡೂದು, ಉಳಿದದ್ದು ಚಾ ಕುಡಿಯೂ ಮುಂದ. ಒಬ್ಬೊಬ್ಬರ ಕೈಯಾಗ ಒಂದೊಂದು ಭಾಷಾಂತರ ಇದ್ರ ವಚನ ಹೊಂದಂಗಿಲ್ಲ, ಅದಕ್ಕ ಎಲ್ಲಾರಿಗೂ ಒಂದ ಹಾಳಿ ಅಂದದ್ದು. ಪ್ರಾರ್ಥನೆ ಒಬ್ಬರ ನಂತರ ಒಬ್ಬರು, ಸಣ್ಣ ದನಿಯಾಗ. ಎಲ್ಲಾರೂ ಕೂಡಿ ಜೋರಾಗಿ ಮಾಡೂದು ಕೆಲವರಿಗೆ ರೂಢಿ, ಆದರ ಬಾಡಿಗಿ ಮನಿಯಾಗ ನಡಿಯಂಗಿಲ್ಲ. ಹಾಡು ಒಂದ. ಗಿಟಾರ್ ಬ್ಯಾಡ. ಮೊದಲನೇ ವಾರದ ಹಾಳಿ ನಾನು ತಯಾರು ಮಾಡಿ ಇಲ್ಲೇ ಹಾಕ್ತೀನಿ, ಪಿಡಿಎಫ್‌ನಾಗ. ಪ್ರಶ್ನೆಗಳನ್ನ ಹಾಳಿ ಮ್ಯಾಲೆ ಅಚ್ಚು ಹಾಕಸಬ್ಯಾಡ್ರಿ, ಅವು ಮುಂದಾಳು ಕೈಯಾಗಷ್ಟ ಇರ್ಲಿ.